ಮೊದಲು ಬರಹ, ಆಮೇಲೆ ಬಾಂಡ್: ಛಾಪಾ ಕಾಗದ ಬಳಸುವ ಸರಿಯಾದ ಕ್ರಮ

"ನೂರು ರೂಪಾಯಿದು ಒಂದು ಬಾಂಡ್ ತಗೊಂಡು ಬನ್ನಿ, ಬರೆದುಕೊಡ್ತೀನಿ." ಟೈಪಿಂಗ್ ಅಂಗಡಿಯಲ್ಲಿ, ಕೋರ್ಟ್ ಎದುರಿನ ಬೀದಿಯಲ್ಲಿ, ತಾಲ್ಲೂಕು ಕಚೇರಿ ಆವರಣದಲ್ಲಿ ದಿನಾ ಕೇಳುವ ಮಾತು ಇದು. ಬಾಡಿಗೆ ಮನೆಗೂ ಅದೇ ಬಾಂಡ್, ಕೈಸಾಲಕ್ಕೂ ಅದೇ, ಸೈಟಿಗೆ ಕೊಟ್ಟ ಮುಂಗಡಕ್ಕೂ ಅದೇ. ಪತ್ರದಲ್ಲಿ ಏನು ಬರೆಯಬೇಕು ಎಂದು ಯೋಚಿಸುವ ಮೊದಲೇ ಕಾಗದದ ಬೆಲೆ ನಿಶ್ಚಯವಾಗಿಬಿಟ್ಟಿರುತ್ತದೆ.

ಕಾನೂನಿನ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಪತ್ರದ ಒಳಗೆ ಏನಿದೆಯೋ ಅದರ ಮೇಲೆ ಶುಲ್ಕ ನಿಂತಿದೆ. ತಲೆಬರಹದಲ್ಲಿ 'ಕರಾರು ಪತ್ರ' ಎಂದಿದ್ದರೂ ಒಳಗಿನ ಮಾತು ಮಾರಾಟದ್ದಾಗಿದ್ದರೆ ಮಾರಾಟದ ಶುಲ್ಕವೇ ಬೀಳುತ್ತದೆ. ಆದ್ದರಿಂದ ಮೊದಲು ಬರಹ, ಆಮೇಲೆ ಲೆಕ್ಕ, ಅದಾದ ಮೇಲೆ ಛಾಪಾ ಕಾಗದ. ಅದೇ ಕ್ರಮದಲ್ಲಿ ಹೋಗೋಣ. ಇಲ್ಲಿ ಹೇಳುವುದು ಕರ್ನಾಟಕದ ವಿಷಯ, ಅಂದರೆ 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಗೆ ಒಳಪಡುವ ಪತ್ರಗಳು.

ಬಾಂಡ್ ಪೇಪರ್ ಅಂದರೆ ಏನು?

ಸರ್ಕಾರಕ್ಕೆ ಮುದ್ರಾಂಕ ಶುಲ್ಕ ಕಟ್ಟಿದ್ದೇವೆ ಎನ್ನುವುದಕ್ಕೆ ಅದೊಂದು ರಸೀದಿ. ಬಾಂಡ್ ಮೇಲೆ ಬರೆದ ಮಾತ್ರಕ್ಕೆ ಸುಳ್ಳು ಒಪ್ಪಂದ ನಿಜವಾಗುವುದಿಲ್ಲ, ಮಾರುವ ಹಕ್ಕೇ ಇಲ್ಲದವನಿಗೆ ಆ ಹಕ್ಕು ಬರುವುದಿಲ್ಲ. ಹಾಗಂತ ಶುಲ್ಕವನ್ನು ಹಗುರವಾಗಿ ನೋಡುವ ಹಾಗೂ ಇಲ್ಲ. ಶುಲ್ಕ ಕಡಿಮೆ ಇದ್ದ ಪತ್ರವನ್ನು ಕೋರ್ಟ್ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಕಾಯ್ದೆಯ 34ನೇ ಸೆಕ್ಷನ್ ಇದನ್ನು ನೇರವಾಗಿ ಹೇಳುತ್ತದೆ. ಅಂಥ ಪತ್ರವನ್ನು ಕೋರ್ಟ್ ಜಪ್ತಿ ಮಾಡಿಕೊಳ್ಳುತ್ತದೆ. ಕೊರತೆ ಬಿದ್ದ ಶುಲ್ಕ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿದ ಮೇಲಷ್ಟೇ ಅದನ್ನು ಓದುತ್ತದೆ. ಪತ್ರ ರದ್ದಾಗುವುದಿಲ್ಲ, ಕೊರತೆಯನ್ನು ಸರಿಪಡಿಸಬಹುದು ಎಂದು 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆದರೆ ಜಗಳ ಶುರುವಾದ ಮೇಲೆ ಸರಿಪಡಿಸಲು ಹೊರಟರೆ ಖರ್ಚು ಎಷ್ಟು ಜಾಸ್ತಿ ಎಂದು ಆ ಹತ್ತು ಪಟ್ಟಿನ ಮಾತಿನಿಂದಲೇ ಗೊತ್ತಾಗುತ್ತದೆ, ಅಲ್ವಾ?

ಇನ್ನೊಂದು ಹಿನ್ನೆಲೆಯೂ ತಿಳಿದಿರಲಿ. ಮೊದಲು ಖಜಾನೆಯಿಂದ ಬರುತ್ತಿದ್ದ ಅಚ್ಚಾದ ಛಾಪಾ ಕಾಗದವನ್ನು ಪರವಾನಗಿ ಪಡೆದ ಸ್ಟಾಂಪ್ ವೆಂಡರ್‌ಗಳು ಮಾರುತ್ತಿದ್ದರು. ಬೆಳಗಾವಿ ಜಿಲ್ಲೆ ಖಾನಾಪುರದ ಅಬ್ದುಲ್ ಕರೀಂ ತೆಲಗಿ ಅದನ್ನೇ ನಕಲಿ ಮಾಡಿ ಹಲವು ರಾಜ್ಯಗಳಲ್ಲಿ ಹರಡಿದ. 2001ರಲ್ಲಿ ಅವನ ಬಂಧನವಾಯಿತು. ಆ ಹಗರಣದ ನಂತರ ನಮ್ಮ ರಾಜ್ಯ ಹಳೆಯ ಕಾಗದವನ್ನು ಕೈಬಿಟ್ಟು ಇ-ಸ್ಟಾಂಪಿಗೆ ಬಂತು. ಸ್ಟಾಕ್ ಹೋಲ್ಡಿಂಗ್ ಕಾರ್ಪೊರೇಷನ್‌ನ ಕಂಪ್ಯೂಟರ್ ವ್ಯವಸ್ಥೆಯಿಂದ ಮುದ್ರಣವಾಗುವ ಪ್ರಮಾಣಪತ್ರ ಅದು. ನಾವು ರೂಢಿಯಲ್ಲಿ ಇದನ್ನೂ ಬಾಂಡ್ ಎಂದೇ ಕರೆಯುತ್ತೇವೆ.

ಮೊದಲ ಹೆಜ್ಜೆ: ಛಾಪಾ ಕಾಗದ ಬೇಕೇ ಎಂದು ನೋಡಿ

ಎಲ್ಲ ಪತ್ರಕ್ಕೂ ಬೇಡ. ವಿಲ್ ಅಂದರೆ ಉಯಿಲಿಗೆ ಮುದ್ರಾಂಕ ಶುಲ್ಕವೇ ಇಲ್ಲ. ಬಿಳಿ ಹಾಳೆಯ ಮೇಲೆ ಬರೆದು, ವಿಲ್ ಮಾಡುವವರೂ ಇಬ್ಬರು ಸಾಕ್ಷಿಗಳೂ ಕ್ರಮಬದ್ಧವಾಗಿ ಸಹಿ ಹಾಕಿದರೆ ಸಾಕು. ನೋಂದಣಿ ಮಾಡಿಸುವುದು ಒಳ್ಳೆಯದು, ಆದರೆ ಕಡ್ಡಾಯವಲ್ಲ. "ಬಾಂಡ್ ಮೇಲೆ ಬರೆದಿಲ್ಲ, ಈ ವಿಲ್ ನಡೆಯಲ್ಲ" ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಕೋರ್ಟಿನಲ್ಲಿ ಸಲ್ಲಿಸಲೆಂದೇ ಮಾಡಿಸುವ ಅಫಿಡವಿಟ್‌ಗೂ ಈ ಶುಲ್ಕದಿಂದ ವಿನಾಯಿತಿ ಇದೆ. ಕೋರ್ಟ್ ಶುಲ್ಕದ ಸ್ಟಾಂಪ್ ಬೇರೆಯದೇ ವಿಷಯ, ಅದನ್ನು ಇದರ ಜೊತೆ ಬೆರೆಸಬೇಡಿ.

ಐದು ಸಾವಿರ ರೂಪಾಯಿ ಮೀರಿದ ಹಣ ಪಡೆದು ರಸೀದಿ ಬರೆದುಕೊಟ್ಟರೆ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಅಡ್ಡವಾಗಿ ಸಹಿ ಹಾಕಬೇಕು.

ಕೈಸಾಲಕ್ಕೆ ಬರೆಸಿಕೊಳ್ಳುವ ಪ್ರಾಮಿಸರಿ ನೋಟ್ ಬಗ್ಗೆ ಮಾತ್ರ ಹೆಚ್ಚು ಎಚ್ಚರ ಇರಲಿ. ಅದರ ಶುಲ್ಕ ನಿಗದಿಯಾಗುವುದು ಕೇಂದ್ರದ ಕಾನೂನಿನಲ್ಲಿ, ಕೇಳಿದಾಗ ಕೊಡುತ್ತೇನೆ ಎಂದು ಬರೆಯುವ ನೋಟಿಗೆ ಅದು ಚಿಲ್ಲರೆ ಮೊತ್ತ. ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಹಚ್ಚಿ, ಸಾಲ ಪಡೆದವರು ಅದರ ಮೇಲೆ ಹಾದುಹೋಗುವ ಹಾಗೆ ಸಹಿ ಹಾಕಿದರೆ ಕೆಲಸ ಆಯಿತು. ಆದರೆ ಆ ಸ್ಟಾಂಪ್ ಇಲ್ಲದೆ ಬರೆಸಿಕೊಂಡರೆ ಆಮೇಲೆ ದಂಡ ಕಟ್ಟಿ ಸರಿಮಾಡಿಕೊಳ್ಳುವ ಅವಕಾಶವೇ ಇಲ್ಲ. ಬೇರೆ ಪತ್ರಗಳಿಗಿರುವ ಆ ರಿಯಾಯಿತಿಯನ್ನು ಪ್ರಾಮಿಸರಿ ನೋಟಿಗೆ ಕಾನೂನು ಕೊಟ್ಟಿಲ್ಲ. ಒಂದು ರೂಪಾಯಿಯ ಸ್ಟಾಂಪ್ ಬಿಟ್ಟುಹೋಗಿ ಲಕ್ಷಗಟ್ಟಲೆ ಸಾಲಕ್ಕೆ ಕೈಯಲ್ಲಿ ಪುರಾವೆ ಇಲ್ಲದ ಹಾಗಾಗಬಹುದು. ಕೇಳಿದಾಗ ಕೊಡುತ್ತೇನೆ ಎಂದು ಬರೆದ ನೋಟಿಗೆ ಬರೆದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು ಎನ್ನುವುದೂ ನೆನಪಿರಲಿ.

ಎರಡನೇ ಹೆಜ್ಜೆ: ಕರಡನ್ನು ಬಿಳಿ ಹಾಳೆಯ ಮೇಲೆ ಪೂರ್ತಿ ಬರೆಯಿರಿ

ಇದನ್ನೇ ಜನ ಬಿಟ್ಟುಬಿಡುತ್ತಾರೆ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಬರೆದುಕೊಡುವವರು ಯಾರು, ಬರೆಸಿಕೊಳ್ಳುವವರು ಯಾರು, ತಂದೆಯ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸ, ಹಣ ಎಷ್ಟು, ಯಾವ ದಿನ, ಯಾವ ರೂಪದಲ್ಲಿ ಕೈಸೇರಿತು, ಸ್ವತ್ತಿದ್ದರೆ ಸರ್ವೆ ನಂಬರ್ ಅಥವಾ ಖಾತೆ ನಂಬರ್, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ. ಇಷ್ಟೂ ಕರಡಿನಲ್ಲಿ ಬರಲಿ. ಶುಲ್ಕದ ಮೇಲೆ ಪರಿಣಾಮ ಬೀರುವ ಸಂಗತಿಗಳನ್ನೆಲ್ಲ ಪತ್ರದಲ್ಲಿ ಸತ್ಯವಾಗಿ ತೋರಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಕೊಟ್ಟ ಹಣ ಒಂದು, ಬರೆದ ಹಣ ಇನ್ನೊಂದು ಆದರೆ ಶುಲ್ಕ ಉಳಿದ ಹಾಗೆ ಕಾಣುತ್ತದೆ. ಆದರೆ ಮುಂದೆ ಹಣ ವಾಪಸ್ ಕೇಳುವ ಸಂದರ್ಭ ಬಂದರೆ ನಿಮ್ಮ ಕೈಯಲ್ಲಿರುವುದು ಬರೆದ ಮೊತ್ತದ ಪುರಾವೆ ಮಾತ್ರ.

ಈಗ ಕ್ರಯದ ಕರಾರು, ಅಂದರೆ ಮುಂದೆ ಸ್ವತ್ತು ಮಾರುತ್ತೇವೆ ಎಂದು ಮುಂಗಡ ಪಡೆದು ಬರೆಯುವ ಪತ್ರವನ್ನು ನೋಡಿ. ಇದರಲ್ಲಿ ಒಂದೇ ಒಂದು ಸಾಲು ಎಲ್ಲವನ್ನೂ ಬದಲಿಸುತ್ತದೆ: "ಈ ದಿನ ಸ್ವತ್ತಿನ ಸ್ವಾಧೀನವನ್ನು ನಿಮಗೆ ಬಿಟ್ಟುಕೊಟ್ಟಿರುತ್ತೇನೆ." ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಶುಲ್ಕ. ಹಳ್ಳಿಗಳಲ್ಲಿ ಹೊಲ ಬಿಟ್ಟುಕೊಟ್ಟು, ಹಳೆಯ ನಮೂನೆಯಿಂದ ಈ ಸಾಲನ್ನು ಎತ್ತಿ ಹಾಕಿ, ಚಿಕ್ಕ ಮೊತ್ತದ ಬಾಂಡಿನ ಮೇಲೆ ಬರೆಸಿಕೊಂಡ ಕರಾರುಗಳು ಬಹಳ ಇವೆ. ವರ್ಷಗಳ ನಂತರ ಮಾರುವವರ ಮನಸ್ಸು ಬದಲಾಗುತ್ತದೆ, ದಾವೆ ಬೀಳುತ್ತದೆ, ಆಗ ಎದುರು ವಕೀಲರು ಮೊದಲು ತೋರಿಸುವುದೇ ಈ ಸಾಲನ್ನು. ಕರ್ನಾಟಕದಿಂದಲೇ ಹೋದ ಇಂಥ ಒಂದು ಪ್ರಕರಣದಲ್ಲಿ ಕೆಳಗಿನ ಕೋರ್ಟ್ ಎರಡು ಪಟ್ಟು ದಂಡ ಹಾಕಿತ್ತು. 34ನೇ ಸೆಕ್ಷನ್ ಅಡಿ ಹತ್ತು ಪಟ್ಟನ್ನು ಇಳಿಸುವ ಅಧಿಕಾರ ಕೋರ್ಟಿಗೆ ಇಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸ್ವಾಧೀನ ಕೊಡದೇ ಇದ್ದರೆ ಕೊಟ್ಟಿಲ್ಲ ಎಂದೇ ಬರೆಯಿರಿ. ಕೊಟ್ಟಿದ್ದರೆ ಪೂರ್ತಿ ಶುಲ್ಕಕ್ಕೆ ಸಿದ್ಧರಾಗಿ. ಮಧ್ಯದ ದಾರಿ ಇಲ್ಲ.

ಬಾಡಿಗೆ ಕರಾರಿನಲ್ಲಿ ಬೇರೆ ಗೊಂದಲ. ಹನ್ನೊಂದು ತಿಂಗಳಿಗೆ ಬರೆಯುವುದು ಯಾಕೆ? 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಅಥವಾ ಬಾಡಿಗೆ ಪತ್ರವನ್ನು ನೋಂದಣಿ ಮಾಡಿಸಲೇಬೇಕು. ಹನ್ನೊಂದು ತಿಂಗಳಾದರೆ ಆ ಕಡ್ಡಾಯ ಇಲ್ಲ. ಆದರೆ ತಪ್ಪುವುದು ನೋಂದಣಿ ಮಾತ್ರ, ಮುದ್ರಾಂಕ ಶುಲ್ಕ ತಪ್ಪುವುದಿಲ್ಲ. ಶುಲ್ಕ ಲೆಕ್ಕ ಹಾಕುವಾಗ ಬಾಡಿಗೆಯ ಜೊತೆಗೆ ಮುಂಗಡ ಠೇವಣಿಯೂ ಸೇರುತ್ತದೆ. ಬೆಂಗಳೂರಿನಲ್ಲಿ ಲಕ್ಷಗಟ್ಟಲೆ ಅಡ್ವಾನ್ಸ್ ಕೊಟ್ಟು ಸುಮ್ನೆ ಇಪ್ಪತ್ತರ, ಐವತ್ತರ ಬಾಂಡಿನಲ್ಲಿ ಬರೆಸಿಕೊಂಡವರು ಅಡ್ವಾನ್ಸ್ ವಾಪಸ್ ಕೇಳುವ ದಿನ ಇಕ್ಕಟ್ಟಿಗೆ ಸಿಗುವುದು ಇದರಿಂದಲೇ. ದೊಡ್ಡ ಮೊತ್ತ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಭೋಗ್ಯಕ್ಕೆ ಮನೆ ಹಿಡಿಯುವವರಂತೂ ವಕೀಲರಿಂದ ಕರಡು ಬರೆಸಿ, ಶುಲ್ಕ ಖಚಿತ ಮಾಡಿಕೊಂಡೇ ಹಣ ಕೊಡಿ. ಅಲ್ಲಿ ಪಣಕ್ಕೆ ಬಿದ್ದಿರುವುದು ಸಂಸಾರದ ಉಳಿತಾಯ.

ಮೂರನೇ ಹೆಜ್ಜೆ: ಶುಲ್ಕ ಎಷ್ಟೆಂದು ತಿಳಿದುಕೊಳ್ಳಿ

ಕಾಯ್ದೆಯ ಕೊನೆಯಲ್ಲಿ ಅನುಸೂಚಿ ಇದೆ. ಯಾವ ಪತ್ರಕ್ಕೆ ಎಷ್ಟು ಎಂದು ಒಂದೊಂದು ಆರ್ಟಿಕಲ್‌ನಲ್ಲಿ ಕೊಟ್ಟಿದ್ದಾರೆ. ಅಫಿಡವಿಟ್, ದತ್ತು ಪತ್ರದಂಥವಕ್ಕೆ ನಿಗದಿತ ಮೊತ್ತ. ಕ್ರಯ, ಬಾಡಿಗೆಯಂಥವಕ್ಕೆ ಮೌಲ್ಯದ ಮೇಲೆ ಶೇಕಡಾವಾರು. 2024ರ ಫೆಬ್ರುವರಿಯಿಂದ ಇವುಗಳಲ್ಲಿ ಅನೇಕ ದರಗಳು ಏರಿವೆ. ಮೊದಲು ಇಪ್ಪತ್ತು ರೂಪಾಯಿಗೆ ಆಗುತ್ತಿದ್ದ ಅಫಿಡವಿಟ್‌ಗೆ ಈಗ 100 ರೂಪಾಯಿ, 500 ಇದ್ದ ದತ್ತು ಪತ್ರಕ್ಕೆ 1,000. ಹಳೆಯ ದರ ಬಾಯಿಪಾಠ ಮಾಡಿಕೊಂಡವರ ಮಾತು ಕೇಳಿ ಬಾಂಡ್ ತಂದರೆ ಕೊರತೆ ಬೀಳುತ್ತದೆ.

ಸ್ವತ್ತಿನ ಪತ್ರಗಳಿಗೆ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಶುಲ್ಕದ ಲೆಕ್ಕ ಸಿಗುತ್ತದೆ. ಇಲ್ಲದಿದ್ದರೆ ಕರಡು ಹಿಡಿದು ಹತ್ತಿರದ ಉಪನೋಂದಣಿ ಕಚೇರಿಗೆ ಹೋಗಿ ಕೇಳಿ. ಪತ್ರ ತೊಡಕಿನದಾಗಿದ್ದರೆ, ಅಂದರೆ ಪಾಲುದಾರಿಕೆ, ಜಾಗ ಅಭಿವೃದ್ಧಿ, ಹಲವು ಷರತ್ತುಗಳ ಒಪ್ಪಂದ ಇಂಥವಾದರೆ, ಜಿಲ್ಲಾ ನೋಂದಣಾಧಿಕಾರಿಗೆ ಅರ್ಜಿ ಹಾಕಿ ಶುಲ್ಕ ಎಷ್ಟೆಂದು ಲಿಖಿತವಾಗಿ ನಿರ್ಣಯ ಪಡೆಯಬಹುದು. ಈ ಸೌಲಭ್ಯ ಬಳಸುವವರು ತುಂಬಾ ಕಡಿಮೆ. ದೊಡ್ಡ ಮೊತ್ತದ ವ್ಯವಹಾರವಾದರೆ ಇದಕ್ಕಿಂತ ಭದ್ರವಾದ ದಾರಿ ಬೇರೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಶುಲ್ಕ ಯಾರು ಕೊಡಬೇಕು ಎಂದು ಪತ್ರದಲ್ಲಿ ಬರೆದಿಲ್ಲದಿದ್ದರೆ ಕ್ರಯದಲ್ಲಿ ಕೊಳ್ಳುವವರು, ಬಾಡಿಗೆಯಲ್ಲಿ ಬಾಡಿಗೆದಾರರು ಕೊಡಬೇಕು.

ನಾಲ್ಕನೇ ಹೆಜ್ಜೆ: ಇ-ಸ್ಟಾಂಪ್ ಪಡೆಯುವಾಗ

ಬ್ಯಾಂಕುಗಳು, ಸೌಹಾರ್ದ ಸಹಕಾರಿ ಸಂಘಗಳಂಥ ಅಧಿಕೃತ ಕೇಂದ್ರಗಳಲ್ಲಿ ಇ-ಸ್ಟಾಂಪ್ ಕೊಡುತ್ತಾ ಬಂದಿದ್ದಾರೆ. ಕಾಗದದ ಬದಲು ಕಾವೇರಿ ಮೂಲಕವೇ ಪಡೆಯುವ ಡಿಜಿಟಲ್ ಇ-ಸ್ಟಾಂಪಿನ ಕಡೆಗೂ ಸರ್ಕಾರ ಹೊರಳುತ್ತಿದೆ. ಹೊರಡುವ ಮೊದಲು ನಿಮ್ಮ ಪತ್ರಕ್ಕೆ ಯಾವುದು ನಡೆಯುತ್ತದೆ ಎಂದು ಕೇಳಿಕೊಳ್ಳಿ. ಕ್ರಯಪತ್ರದಂಥ ನೋಂದಣಿ ಆಗುವ ಪತ್ರಗಳಿಗೆ ಬೇರೆ ಬಾಂಡ್ ತರುವ ಅಗತ್ಯ ಇಲ್ಲ. ಕಾವೇರಿಯಲ್ಲಿ ವಿವರ ತುಂಬಿ, ಅಲ್ಲೇ ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಬಹುದು.

ಕೇಂದ್ರದಲ್ಲಿ ಅರ್ಜಿ ತುಂಬುವಾಗ ಒಂದನೇ ಪಾರ್ಟಿ, ಎರಡನೇ ಪಾರ್ಟಿ, ಪತ್ರದ ಬಗೆ, ಸ್ವತ್ತಿನ ವಿವರ, ವ್ಯವಹಾರದ ಮೊತ್ತ, ಶುಲ್ಕ ಯಾರು ಕಟ್ಟುತ್ತಿದ್ದಾರೆ ಎಂದು ಕೇಳುತ್ತಾರೆ. ಹೆಸರಿನ ಅಕ್ಷರಗಳು ಆಧಾರ್‌ನಲ್ಲಿ ಮತ್ತು ಕರಡಿನಲ್ಲಿ ಇರುವ ಹಾಗೆಯೇ ಇರಲಿ. ಪಾರ್ಟಿಗಳ ಪೈಕಿ ಒಬ್ಬರ ಹೆಸರಿನಲ್ಲೇ ಖರೀದಿಸಿ. ಬ್ರೋಕರ್ ಹೆಸರಿನಲ್ಲಿ, ಟೈಪಿಸ್ಟ್ ಹೆಸರಿನಲ್ಲಿ ಬೇಡ. "ಎರಡನೇ ಪಾರ್ಟಿ ಖಾಲಿ ಬಿಡಿ, ಆಮೇಲೆ ಬರೆದುಕೊಳ್ತೀವಿ" ಎನ್ನುವುದೂ ಬೇಡ. ಎಷ್ಟು ಮೊತ್ತ ಬೇಕೋ ಅಷ್ಟಕ್ಕೇ ಇ-ಸ್ಟಾಂಪ್ ಸಿಗುತ್ತದೆ, ಹಳೆಯ ಕಾಗದದ ಹಾಗೆ ನೂರು, ಐನೂರು ಎಂಬ ಲೆಕ್ಕ ಇಲ್ಲಿಲ್ಲ.

ಮುದ್ರಣವಾದ ತಕ್ಷಣ, ಕೌಂಟರ್ ಬಿಡುವ ಮೊದಲೇ ಓದಿ. ಒಮ್ಮೆ ಅಚ್ಚಾದ ಮೇಲೆ ಪೆನ್ನಿನಿಂದ ತಿದ್ದುವ ಹಾಗಿಲ್ಲ, ಹೆಸರು ತಪ್ಪಾದರೆ ಹೊಸದನ್ನೇ ತೆಗೆದುಕೊಳ್ಳಬೇಕು. ಕಳೆದುಹೋದರೆ ನಕಲು ಪ್ರತಿ ಕೊಡುವುದಿಲ್ಲ.

ದಿನಾಂಕದ ವಿಷಯಕ್ಕೆ ಬನ್ನಿ. ಛಾಪಾ ಕಾಗದ ಸಹಿ ಹಾಕುವ ಮೊದಲು ಅಥವಾ ಅದೇ ಹೊತ್ತಿಗೆ ಕೈಯಲ್ಲಿರಬೇಕು. ಇ-ಸ್ಟಾಂಪಿನ ಮೇಲೆ ದಿನಾಂಕದ ಜೊತೆ ಗಂಟೆ, ನಿಮಿಷವೂ ಅಚ್ಚಾಗುತ್ತದೆ. ಹಿಂದಿನ ತಾರೀಖು ಹಾಕಿ ಬರೆದ ಪತ್ರ ಮೊದಲ ನೋಟಕ್ಕೇ ಸಿಕ್ಕಿಬೀಳುತ್ತದೆ.

ಆರು ತಿಂಗಳಾದರೆ ಬಾಂಡ್ ಎಕ್ಸ್‌ಪೈರ್ ಆಗುತ್ತದೆ ಎಂಬ ಮಾತು ಎಲ್ಲ ಕಡೆ ಇದೆ. ಅದು ಸರಿಯಲ್ಲ. 2008ರಲ್ಲಿ ತಮಿಳುನಾಡಿನ ಪ್ರಕರಣವೊಂದು ಸುಪ್ರೀಂ ಕೋರ್ಟಿನ ಮುಂದೆ ಬಂತು. 1980ರ ಕರಾರನ್ನು 1973ರಲ್ಲಿ ಒಂದು, 1978ರಲ್ಲಿ ಇನ್ನೊಂದು ಎಂದು ಬೇರೆ ಬೇರೆ ವರ್ಷ ಕೊಂಡ ಎರಡು ಛಾಪಾ ಕಾಗದಗಳ ಮೇಲೆ ಬರೆದಿದ್ದರು. ಆರು ತಿಂಗಳ ಮಾತು ಬಳಸದ ಸ್ಟಾಂಪಿನ ಹಣ ವಾಪಸ್ ಕೇಳುವುದಕ್ಕಷ್ಟೇ ಅನ್ವಯ, ಹಳೆಯದಾದ ಮಾತ್ರಕ್ಕೆ ಕಾಗದ ಕೆಲಸಕ್ಕೆ ಬಾರದ್ದಾಗುವುದಿಲ್ಲ ಎಂದು ಕೋರ್ಟ್ ಹೇಳಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಅಷ್ಟು ಹಳೆಯ ಕಾಗದ ಬಳಸಿರುವುದು ಪತ್ರದ ಮೇಲೆ ಅನುಮಾನ ಹುಟ್ಟಿಸುವ ಸಂಗತಿಯಾಗಬಹುದು. ಆದ್ದರಿಂದ ಪೆಟ್ಟಿಗೆಯಲ್ಲಿ ಬಿದ್ದಿರುವ ಅಪ್ಪನ ಕಾಲದ ಛಾಪಾ ಕಾಗದಕ್ಕೆ ಕೈ ಹಾಕಬೇಡಿ. ಕೊಂಡ ಸ್ಟಾಂಪ್ ಬೇಡವಾದರೆ ಆರು ತಿಂಗಳು ದಾಟುವ ಮುಂಚೆಯೇ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ವಾಪಸಾತಿಗೆ ಅರ್ಜಿ ಕೊಡಿ.

ಐದನೇ ಹೆಜ್ಜೆ: ಅಸಲಿಯೇ ಎಂದು ಪರೀಕ್ಷಿಸಿ

ಎದುರಿನವರು ತಂದ ಬಾಂಡಾದರೆ ಇದನ್ನು ಬಿಡಲೇಬೇಡಿ. ಕರ್ನಾಟಕದ ಇ-ಸ್ಟಾಂಪಿನ ಪ್ರಮಾಣಪತ್ರ ಸಂಖ್ಯೆ 'ಐಎನ್-ಕೆಎ' ಎಂದು ಶುರುವಾಗುತ್ತದೆ. ಸ್ಟಾಕ್ ಹೋಲ್ಡಿಂಗ್‌ನ ಇ-ಸ್ಟಾಂಪ್ ಜಾಲತಾಣದಲ್ಲಿ ರಾಜ್ಯ, ಪ್ರಮಾಣಪತ್ರ ಸಂಖ್ಯೆ, ಕೊಟ್ಟ ದಿನಾಂಕದಂಥ ವಿವರ ಹಾಕಿದರೆ ಅಸಲಿ ದಾಖಲೆ ತೆರೆದುಕೊಳ್ಳುತ್ತದೆ. ಅವರದೇ ಮೊಬೈಲ್ ಆ್ಯಪ್‌ನಲ್ಲೂ ನೋಡಬಹುದು. ಹೆಸರು, ಮೊತ್ತ, ಪತ್ರದ ಬಗೆ ಮೂರೂ ಕೈಯಲ್ಲಿರುವ ಕಾಗದದ ಜೊತೆ ತಾಳೆಯಾಗಬೇಕು. ಪರೀಕ್ಷಿಸುವ ಹೊಣೆ ಬಳಸುವವರದೇ ಎಂದು ಇ-ಸ್ಟಾಂಪಿನ ಕೆಳಭಾಗದಲ್ಲೇ ಅಚ್ಚಾಗಿರುತ್ತದೆ.

ಆರನೇ ಹೆಜ್ಜೆ: ಬರಹ ಮತ್ತು ಸಹಿ

ಇ-ಸ್ಟಾಂಪಿನಲ್ಲಿ ಗೆರೆಯ ಕೆಳಗೆ ಜಾಗ ಬಿಟ್ಟಿರುತ್ತಾರೆ. ಪತ್ರ ಅಲ್ಲಿಂದಲೇ ಶುರುವಾಗಲಿ. ಸ್ಟಾಂಪನ್ನು ಖಾಲಿ ಬಿಟ್ಟು, ಬರಹವನ್ನೆಲ್ಲ ಬೇರೆ ಹಾಳೆಯಲ್ಲಿ ಮಾಡಿ, ಪಿನ್ ಹೊಡೆದು ಸೇರಿಸುವ ರೂಢಿ ಒಳ್ಳೆಯದಲ್ಲ. ಆ ಸ್ಟಾಂಪ್ ಬೇರೆ ಪತ್ರಕ್ಕೆ ಬಳಸಲು ಆಗದ ಹಾಗೆ ಬರೆದಿರಬೇಕು ಎಂಬುದೇ ಕಾನೂನಿನ ಉದ್ದೇಶ. ಒಂದು ಸ್ಟಾಂಪಿನ ಮೇಲೆ ಒಂದೇ ಪತ್ರ. ಹಿಂಬದಿ ಖಾಲಿ ಇದೆ ಎಂದು ಮುಂದಿನ ವರ್ಷದ ಬಾಡಿಗೆ ಕರಾರನ್ನು ಅಲ್ಲೇ ಬರೆದರೆ ಆ ಎರಡನೆಯದು ಸ್ಟಾಂಪ್ ಇಲ್ಲದ ಪತ್ರವಾಗುತ್ತದೆ.

ಮುಂದಿನ ಪುಟಗಳಿಗೆ ಗಟ್ಟಿ ಬಿಳಿ ಹಾಳೆ ಸಾಕು. ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಇ-ಸ್ಟಾಂಪಿನ ಸಂಖ್ಯೆಯನ್ನೂ ನಮೂದಿಸಿ. ಎರಡೂ ಕಡೆಯವರು ಪ್ರತಿ ಪುಟಕ್ಕೂ ಸಹಿ ಹಾಕಲಿ. ಕಾಟು ಹೊಡೆದು ತಿದ್ದಿದ ಜಾಗದಲ್ಲಿ ಚಿಕ್ಕ ಸಹಿ ಇರಲಿ. ಖಾಲಿ ಉಳಿದ ಜಾಗಕ್ಕೆ ಗೆರೆ ಎಳೆಯಿರಿ. ಹೆಬ್ಬೆಟ್ಟು ಒತ್ತುವ ಹಿರಿಯರಿದ್ದರೆ ಪತ್ರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿ, ಓದಿ ಹೇಳಿದವರ ಹೆಸರಿನಲ್ಲಿ ಷರಾ ಬರೆಯಿರಿ. ಅವರಿಗೆ ಆ ಗೌರವ ಸಲ್ಲಬೇಕು. ಸಾಕ್ಷಿಗಳ ಸಹಿ ಮಾತ್ರ ಸಾಲದು, ಪೂರ್ತಿ ಹೆಸರು, ವಿಳಾಸ ಬೇಕು.

ಖಾಲಿ ಬಾಂಡಿಗೆ ಸಹಿ ಹಾಕಿ ಕೊಡಬೇಡಿ. ಸಾಲ ಕೊಡುವವರು ಕೇಳುತ್ತಾರೆ, ತುರ್ತಿನಲ್ಲಿರುವವರು ಹಾಕಿ ಕೊಡುತ್ತಾರೆ. ಆ ಹಾಳೆಯಲ್ಲಿ ಮುಂದೆ ಏನು ಬರೆದುಕೊಂಡರೂ ಅದು ನಿಮ್ಮ ಮಾತಲ್ಲ ಎಂದು ತೋರಿಸುವ ಕಷ್ಟ ನಿಮ್ಮ ತಲೆಗೇ ಬರುತ್ತದೆ.

ಮಾಲೀಕರಿಗೊಂದು, ಬಾಡಿಗೆದಾರರಿಗೊಂದು ಎಂದು ಎರಡು ಮೂಲ ಪ್ರತಿ ಬೇಕಿದ್ದರೆ ಎರಡನೆಯದಕ್ಕೂ ಪ್ರತ್ಯೇಕ ಸ್ಟಾಂಪ್ ಬೇಕು. ಒಬ್ಬರ ಹತ್ತಿರ ಮೂಲ, ಇನ್ನೊಬ್ಬರ ಹತ್ತಿರ ಜೆರಾಕ್ಸ್ ಆದರೆ, ಮುಂಗಡ ಕೊಟ್ಟವರು ಮೂಲವನ್ನು ತಮ್ಮ ಹತ್ತಿರ ಇಟ್ಟುಕೊಳ್ಳುವುದು ಜಾಣತನ. ಕಾರಣ ಇದೆ. ಶುಲ್ಕದ ಕೊರತೆಯನ್ನು ಮೂಲ ಪತ್ರದಲ್ಲಿ ಸರಿಪಡಿಸಬಹುದು, ಜೆರಾಕ್ಸ್ ಪ್ರತಿಗೆ ಶುಲ್ಕ ಕಟ್ಟಿಸಿಕೊಂಡು ಅದನ್ನು ಕ್ರಮಬದ್ಧ ಮಾಡಲು ಬರುವುದಿಲ್ಲ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನೋಟರಿ ಮಾಡಿಸಿದರೆ ಸಾಕಾ?

ನೋಟರಿ ನೋಡುವುದು ಸಹಿ ಹಾಕಿದವರು ಯಾರು ಎಂದು. ಅವರ ಮೊಹರು ಮುದ್ರಾಂಕ ಶುಲ್ಕದ ಬದಲಿಗೆ ಬರುವುದಿಲ್ಲ, ನೋಂದಣಿಯ ಬದಲಿಗಂತೂ ಬರುವುದೇ ಇಲ್ಲ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾರಾಟವನ್ನು ನೋಂದಣಿ ಮಾಡಿಸಲೇಬೇಕು, ಅದೂ ಸಹಿಯಾದ ದಿನದಿಂದ ನಾಲ್ಕು ತಿಂಗಳೊಳಗೆ ಪತ್ರ ಹಾಜರುಪಡಿಸಬೇಕು. ನೋಟರಿ ಮಾಡಿಸಿದ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮತ್ತು ಕರಾರು ಸೇರಿಸಿ ಸೈಟು ಕೊಂಡೆವು ಎಂದುಕೊಂಡವರ ಹೆಸರಿಗೆ ಆ ಸೈಟು ಬಂದಿರುವುದಿಲ್ಲ.

ಈಗಾಗಲೇ ಕಡಿಮೆ ಬಾಂಡಿನಲ್ಲಿ ಬರೆದಾಗಿದ್ದರೆ

ಜಗಳಕ್ಕೆ ಕಾಯಬೇಡಿ. ತಿಳಿಯದೆ ಅಥವಾ ತುರ್ತಿನಿಂದ ಹೀಗಾಗಿದ್ದರೆ, ಸಹಿಯಾಗಿ ಒಂದು ವರ್ಷದೊಳಗೆ ನೀವಾಗಿಯೇ ಮೂಲ ಪತ್ರ ಹಿಡಿದು ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಹೋಗಿ, ಕೊರತೆ ಕಟ್ಟುತ್ತೇನೆ ಎಂದು ಅರ್ಜಿ ಕೊಡಿ. ಕಾರಣ ಒಪ್ಪಿಗೆಯಾದರೆ ದಂಡವಿಲ್ಲದೆ ಸರಿಪಡಿಸುವ ಅವಕಾಶ ಕಾಯ್ದೆಯಲ್ಲೇ ಇದೆ. ದಾವೆ ಶುರುವಾಗಿಬಿಟ್ಟಿದ್ದರೆ, ಪತ್ರವನ್ನು ಸಾಕ್ಷ್ಯವಾಗಿ ಗುರುತಿಸುವ ಮೊದಲೇ ಅದನ್ನು ಜಿಲ್ಲಾ ನೋಂದಣಾಧಿಕಾರಿಗೆ ಕಳುಹಿಸುವಂತೆ ಕೋರ್ಟನ್ನು ಕೇಳಬಹುದೇ ಎಂದು ನಿಮ್ಮ ವಕೀಲರ ಜೊತೆ ಮಾತಾಡಿ. ಹತ್ತು ಪಟ್ಟಿಗಿಂತ ಕಡಿಮೆ ದಂಡ ಹಾಕುವ ವಿವೇಚನೆ ಆ ಅಧಿಕಾರಿಗೆ ಇದೆ.

ವಿದೇಶದಲ್ಲಿರುವ ಕನ್ನಡಿಗರು ಊರಿನ ಆಸ್ತಿಗಾಗಿ ಅಣ್ಣನಿಗೋ ಅಮ್ಮನಿಗೋ ಅಧಿಕಾರ ಪತ್ರ ಕಳಿಸುವಾಗ ಅಲ್ಲಿ ನಮ್ಮ ಬಾಂಡ್ ಹುಡುಕಬೇಕಿಲ್ಲ. ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸಿ. ಅದು ಇಲ್ಲಿಗೆ ಬಂದು ಸೇರಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಅದಕ್ಕಾಗಿ ಪತ್ರ ಬಂದ ಲಕೋಟೆ, ಕೊರಿಯರ್ ರಸೀದಿ ಬಿಸಾಡಬೇಡಿ. ಬಂದ ದಿನ ಯಾವುದು ಎಂದು ಕೇಳಿದಾಗ ತೋರಿಸಲು ಅವು ಬೇಕಾಗುತ್ತವೆ.